ಕ್ಯಾರಿಯರ್ ಮೇಲೆ ಕ್ಯಾಮೆರಾ ಕಟ್ಟಬೇಡಿ: ಸೈಕಲ್ ತುಳಿಯುವ ಫೋಟೋಗ್ರಾಫರ್‌ಗೆ ಉತ್ತರ

ಪ್ರಶ್ನೆ: ಕಲಬುರಗಿಯಲ್ಲಿ ನನ್ನದು ಸಣ್ಣ ಸ್ಟುಡಿಯೋ. ಮದುವೆ, ಕುಬಸ, ತೊಟ್ಟಿಲು, ಶಾಲೆಯ ಕಾರ್ಯಕ್ರಮ, ಅಂಗಡಿ ಸಾಮಾನಿನ ಫೋಟೋ ಎಲ್ಲ ಮಾಡುತ್ತೇನೆ. ಸೈಕ್ಲಿಂಗ್ ಹುಚ್ಚು ಹಿಡಿದ ಮೇಲೆ ಕೆಲಸಕ್ಕೂ ಸೈಕಲ್ ಮೇಲೆಯೇ ಹೋಗತೊಡಗಿದೆ. ಕ್ಯಾಮೆರಾ ಬ್ಯಾಗನ್ನು ಹಿಂದಿನ ಕ್ಯಾರಿಯರ್‌ಗೆ ಕಟ್ಟುತ್ತಿದ್ದೆ. ಈಗ ಒಂದು ಜೂಮ್ ಲೆನ್ಸ್ ಅಲ್ಲಾಡಿಸಿದರೆ ಒಳಗೆ ಕಟಕಟ ಎನ್ನುತ್ತದೆ, ಫೋಟೋದ ಎಡಭಾಗ ಮಸುಕಾಗಿ ಬರುತ್ತಿದೆ. ಇದಕ್ಕೆ ಸೈಕಲ್ ಕಾರಣವೇ? ನಮ್ಮ ಬಿಸಿಲು, ಧೂಳು, ಎರೆಮಣ್ಣಿನಲ್ಲಿ ಈ ಎರಡನ್ನೂ ಒಟ್ಟಿಗೆ ನಡೆಸಬಹುದೇ? ಮಳಖೇಡ, ಬೀದರ್ ಕಡೆ ಸೈಕಲ್ ಮೇಲೆ ಹೋಗಿ ಫೋಟೋ ತೆಗೆಯುವ ಆಸೆಯಿದೆ. ಸೈಕಲ್ ಸವಾರರ ಫೋಟೋ ತೆಗೆಯಲು ಕರೆಯೂ ಬರುತ್ತಿದೆ.

ಉತ್ತರ: ಸದ್ದು ಬೇರೆ, ಮಸುಕು ಬೇರೆ. ಎರಡನ್ನೂ ಬಿಡಿಸಿ ನೋಡೋಣ.

ಈಗಿನ ಬಹಳಷ್ಟು ಲೆನ್ಸ್‌ಗಳಲ್ಲಿ ಫೋಕಸ್ ಮಾಡುವ ಗಾಜನ್ನು ಹಿಡಿದಿರುವುದು ಹಲ್ಲುಚಕ್ರವಲ್ಲ, ಲೀನಿಯರ್ ಮೋಟಾರಿನ ಅಯಸ್ಕಾಂತ. ಕರೆಂಟ್ ಇಲ್ಲದಾಗ ಆ ಹಿಡಿತವೂ ಇರುವುದಿಲ್ಲ. ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಗಾಜಿನ ಕಥೆಯೂ ಹೆಚ್ಚುಕಡಿಮೆ ಇದೇ. ಹಾಗಾಗಿ ಆಫ್ ಆಗಿರುವ ಲೆನ್ಸ್ ಕಟಕಟ ಎನ್ನುವುದು ದೋಷವಲ್ಲ. ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ, ಆನ್ ಮಾಡಿ, ಮೆಲ್ಲಗೆ ಅಲ್ಲಾಡಿಸಿ. ಸದ್ದು ನಿಂತರೆ ಅದರ ಚಿಂತೆ ಬಿಡಿ.

ಎಡಭಾಗದ ಮಸುಕನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಜಿನ ಒಂದು ಗುಂಪು ನಡುಗೆರೆಯಿಂದ ಸರಿದರೆ ಅಥವಾ ಓರೆಯಾದರೆ ಹೀಗಾಗುತ್ತದೆ. ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ಸಪಾಟು ಗೋಡೆಗೆ ಐದು ಹಾಳೆ ದಿನಪತ್ರಿಕೆ ಅಂಟಿಸಿ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ. ಅಪರ್ಚರ್ ಪೂರ್ತಿ ತೆರೆದು, ನಡುವಿನ ಹಾಳೆಗೆ ಫೋಕಸ್ ಮಾಡಿ, ಎರಡು ಸೆಕೆಂಡ್ ಟೈಮರ್ ಇಟ್ಟು ತೆಗೆಯಿರಿ. ನಂತರ ಕ್ಯಾಮೆರಾವನ್ನು ತಲೆಕೆಳಗೆ ಮಾಡಿ ಮತ್ತೊಂದು ತೆಗೆಯಿರಿ. ಈಗ ಎರಡೂ ಚಿತ್ರಗಳನ್ನು ಕ್ಯಾಮೆರಾ ಹಿಡಿದಂತೆಯೇ ಇಟ್ಟು ಹೋಲಿಸಿ. ಎರಡರಲ್ಲೂ ಕ್ಯಾಮೆರಾದ ಅದೇ ಬದಿ ಮಸುಕಾಗಿದ್ದರೆ ದೋಷ ಲೆನ್ಸಿನದು ಅಥವಾ ಮೌಂಟಿನದು, ಅಂದರೆ ಲೆನ್ಸ್ ಕೂರುವ ಬಳೆಯದು. ಮಸುಕು ಇನ್ನೊಂದು ಬದಿಗೆ ಜಿಗಿದರೆ ಕ್ಯಾಮೆರಾ ಗೋಡೆಗೆ ಓರೆಯಾಗಿತ್ತು ಅಷ್ಟೇ. ಲೆನ್ಸೋ ಮೌಂಟೋ ತಿಳಿಯಬೇಕೆಂದರೆ ಅದೇ ಕ್ಯಾಮೆರಾಕ್ಕೆ ಬೇರೆ ಲೆನ್ಸ್ ಹಾಕಿ ಇದನ್ನೇ ಮಾಡಿ.

ಮೌಂಟಿನ ಸುತ್ತ ಕಾಣುವ ಸಣ್ಣ ಸ್ಕ್ರೂಗಳನ್ನೂ ನೋಡಿ. ಸತತ ಅದುರಿಗೆ ಮೊದಲು ಸಡಿಲಾಗುವುದು ಇವೇ. ಬಿಗಿ ಮಾಡುವ ಮುನ್ನ ಒಂದು ಮಾತು: ಜಪಾನಿ ಕ್ಯಾಮೆರಾಗಳ ಸ್ಕ್ರೂ ತಲೆ ಜೆಐಎಸ್ ಎಂಬ ಜಪಾನಿ ಅಳತೆಯದು. ಮನೆಯಲ್ಲಿರುವ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ಕೆರೆದುಹೋಗುತ್ತದೆ. ಜೆಐಎಸ್ ಸೆಟ್ ಇಲ್ಲದಿದ್ದರೆ ಮುಟ್ಟಬೇಡಿ. ಒಳಗಿನ ಗಾಜು ಸರಿದಿದ್ದರೆ ಸರ್ವಿಸ್ ಸೆಂಟರಿಗೇ ಕಳಿಸಬೇಕು. ಅದನ್ನು ಮರಳಿ ನಡುಗೆರೆಗೆ ತರುವುದು ಯಂತ್ರದ ಮೇಲಿಟ್ಟು ಮಾಡುವ ಕೆಲಸ, ಟೇಬಲ್ ಮೇಲೆ ಆಗುವುದಲ್ಲ.

ಸೈಕಲ್ ಕಾರಣವೇ ಎಂದರೆ, ಹೌದು, ಬಹುತೇಕ ಅದೇ. ಆದರೆ ತಪ್ಪು ಸೈಕಲಿನದಲ್ಲ, ಕ್ಯಾರಿಯರಿನದು. ಹಿಂದಿನ ಚಕ್ರದ ಅಚ್ಚಿನಿಂದ ಕ್ಯಾರಿಯರ್‌ವರೆಗೆ ಎಲ್ಲವೂ ಲೋಹ. ರಸ್ತೆಯ ಪ್ರತಿ ಹರಳೂ ನೇರ ಬ್ಯಾಗಿಗೆ ತಗಲುತ್ತದೆ, ನಡುವೆ ಹೀರಿಕೊಳ್ಳುವವರು ಯಾರೂ ಇಲ್ಲ. ಕೆಳಗೆ ಬಿದ್ದ ಒಂದು ದೊಡ್ಡ ಪೆಟ್ಟಿನಂತೆಯೇ ಹತ್ತಾರು ಕಿಲೋಮೀಟರ್ ಉದ್ದಕ್ಕೂ ಬೀಳುವ ಸಣ್ಣ ಪೆಟ್ಟುಗಳೂ ಮೆಲ್ಲಗೆ ಕೆಡಿಸುತ್ತವೆ, ಏಕೆಂದರೆ ಆಫ್ ಆಗಿರುವ ಲೆನ್ಸಿನೊಳಗೆ ತೇಲುವ ಗಾಜು ಪ್ರತಿ ಸಲವೂ ತನ್ನ ತಡೆಗೆ ಹೋಗಿ ಬಡಿಯುತ್ತದೆ. ಅಲುಗಾಟ ತಡೆಯಲು ಸೆನ್ಸರೇ ತೇಲುವ ಕ್ಯಾಮೆರಾಗಳಲ್ಲೂ ಇದೇ ಆಗುತ್ತದೆ. ಕೆಲವು ಹೊಸ ಮಾಡೆಲ್‌ಗಳು ಆಫ್ ಆದಾಗ ಸೆನ್ಸರನ್ನು ಬಿಗಿಹಿಡಿಯುತ್ತವೆ, ಬಹಳಷ್ಟು ಹಾಗೆ ಮಾಡುವುದಿಲ್ಲ. ಹ್ಯಾಂಡಲ್‌ಗೆ ಮೊಬೈಲ್ ಕಟ್ಟುವವರಿಗೂ ಈ ಎಚ್ಚರ ಬೇಕು. ವಾಹನದ ಬಲವಾದ ಅದುರಿಗೆ ಫೋನ್ ಕ್ಯಾಮೆರಾದ ಸ್ಟೆಬಿಲೈಸೇಷನ್ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಹೇಳಿತ್ತು.

ಜನ ಚಿಂತೆ ಮಾಡುವುದು ತೂಕದ ಬಗ್ಗೆ. ನಿಜವಾಗಿ ಕೆಡಿಸುವುದು ಅದುರು ಮತ್ತು ಬಿಸಿ. ಅದುರು ಹೀರುವುದರಲ್ಲಿ ಮನುಷ್ಯನ ಮೈಯನ್ನು ಮೀರಿಸುವ ಸಾಧನ ಇಲ್ಲ: ಮೊಣಕೈ, ಸೊಂಟ, ಬೆನ್ನು ಮೂರೂ ಸೇರಿ ಪೆಟ್ಟನ್ನು ನುಂಗುತ್ತವೆ. ಆದ್ದರಿಂದ ಗಾಜು ಮತ್ತು ಸೆನ್ಸರ್ ಇರುವುದೆಲ್ಲ ಬೆನ್ನ ಮೇಲೆ. ಸ್ಟ್ಯಾಂಡು, ಟ್ರೈಪಾಡು, ಚಾರ್ಜರು, ಬದಲಿ ಅಂಗಿ, ಬುತ್ತಿ, ಇವೆಲ್ಲ ಕ್ಯಾರಿಯರ್ ಮೇಲೆ. ಫ್ಲ್ಯಾಶ್ ಎರಡಕ್ಕೂ ನಡುವಿನದು; ದಪ್ಪ ಫೋಮಿನಲ್ಲಿ ಸುತ್ತಿ, ಬ್ಯಾಟರಿ ತೆಗೆದು ಕ್ಯಾರಿಯರ್ ಚೀಲದಲ್ಲಿ ಒಯ್ಯಬಹುದು.

ಬೆನ್ನಿನ ಬ್ಯಾಗ್ 18ರಿಂದ 22 ಲೀಟರಿನದು ಸಾಕು. ಎದೆಪಟ್ಟಿ, ಸೊಂಟಪಟ್ಟಿ ಎರಡೂ ಇರಲೇಬೇಕು, ಇಲ್ಲದಿದ್ದರೆ ನಿಂತು ತುಳಿಯುವಾಗ ಬ್ಯಾಗ್ ಅತ್ತಿತ್ತ ತೂಗಿ ಸೈಕಲನ್ನೇ ಎಳೆಯುತ್ತದೆ. ಬ್ಯಾಗ್ ಸೇರಿ ಒಟ್ಟು ಭಾರ ಐದು ಕಿಲೋ ದಾಟದಿರಲಿ. ಲೆಕ್ಕ ಹೀಗೆ ಬರುತ್ತದೆ: ಫುಲ್ ಫ್ರೇಮ್ ಮಿರರ್‌ಲೆಸ್ ಬಾಡಿ ಸುಮಾರು 700 ಗ್ರಾಂ, 24-70 ಎಫ್ 2.8 ಲೆನ್ಸ್ 700ರಿಂದ 900 ಗ್ರಾಂ, 70-200 ಎಫ್ 2.8 ಒಂದರಿಂದ ಒಂದೂವರೆ ಕಿಲೋ, ಒಂದು ಫ್ಲ್ಯಾಶ್ 400ರ ಆಸುಪಾಸು, ಬ್ಯಾಟರಿ ಒಂದಕ್ಕೆ 80 ಗ್ರಾಂ. ಎರಡು ಬಾಡಿ, ಎರಡು ದೊಡ್ಡ ಜೂಮ್ ಹಾಕಿದರೆ ಬ್ಯಾಗಿನ ತೂಕ ಸೇರಿ ಐದರ ಆಸುಪಾಸಿಗೆ ಬಂದೇ ಬಿಡುತ್ತದೆ. ಸೈಕಲ್ ಮೇಲೆ ಹೋಗುವ ದಿನ 35 ಮತ್ತು 85 ಎಂಎಂನ ಎಫ್ 1.8 ಲೆನ್ಸ್‌ಗಳನ್ನೇ ಒಯ್ಯಿರಿ ಎಂಬುದು ನನ್ನ ಸಲಹೆ. ಎರಡೂ ಸೇರಿ ಒಂದು ದೊಡ್ಡ ಜೂಮಿನ ತೂಕಕ್ಕೂ ಕಡಿಮೆ, ಒಳಗೆ ಅಲ್ಲಾಡುವ ಭಾಗಗಳೂ ಕಡಿಮೆ.

ಜೋಡಿಸುವ ರೀತಿಗೂ ಮಹತ್ವ ಇದೆ. ಭಾರದ ಲೆನ್ಸನ್ನು ಬಾಡಿಗೆ ಹಾಕಿಟ್ಟು ಒಯ್ಯಬೇಡಿ, ಪ್ರತಿ ಕುಲುಕಿಗೂ ಮೌಂಟ್ ಮೇಲೆ ಜಗ್ಗಾಟ ಬೀಳುತ್ತದೆ. ಬಿಚ್ಚಿ, ಎರಡೂ ಮುಚ್ಚಳ ಹಾಕಿ, ಬೇರೆ ಖಾನೆಯಲ್ಲಿಡಿ. ಸಣ್ಣ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್ ಹಾಕಿದ್ದರೆ ಅಡ್ಡಿಯಿಲ್ಲ. ತೂಕದ ವಸ್ತು ಬೆನ್ನಿಗೆ ಹತ್ತಿರ, ಸೊಂಟದ ಮಟ್ಟಕ್ಕೆ ಇರಲಿ. ತಳಕ್ಕೆ 10ರಿಂದ 12 ಮಿಲಿಮೀಟರಿನ ಫೋಮ್ ಹಾಳೆ ಹಾಸಿ. ವ್ಯಾಯಾಮದ ಮ್ಯಾಟ್ ಕತ್ತರಿಸಿಕೊಂಡರೂ ನಡೆಯುತ್ತದೆ. ಖಾಲಿ ಜಾಗಕ್ಕೆ ಬಟ್ಟೆ ತುರುಕಿ. ಬ್ಯಾಗ್ ಹಿಡಿದು ಜೋರಾಗಿ ಅಲ್ಲಾಡಿಸಿದರೆ ಒಳಗೆ ಒಂದು ವಸ್ತುವೂ ಇನ್ನೊಂದಕ್ಕೆ ತಾಗಿದ ಸದ್ದು ಬರಬಾರದು.

ಇನ್ನೊಂದು ರಕ್ಷಣೆ ಟೈರಿನಲ್ಲಿದೆ. ಗಾಳಿ ಕಲ್ಲಿನಂತೆ ಬಿಗಿಯಾಗಿದ್ದರೆ ಸೈಕಲ್ ಚೆನ್ನಾಗಿ ಓಡುತ್ತದೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಬೇರೂರಿದೆ, ಆದರೆ ಅದುರು ಹೀರುವುದು ತುಸು ಮೆತ್ತಗಿನ ಟೈರೇ. ನಿಮ್ಮ ಕೆಲಸಕ್ಕೆ 700x38 ಅಥವಾ 700x40 ಟೈರ್, ಸಸ್ಪೆನ್ಶನ್ ಇಲ್ಲದ ಗಟ್ಟಿ ಫೋರ್ಕ್, ಡಿಸ್ಕ್ ಬ್ರೇಕ್, ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲೇ ತೂತುಗಳಿರುವ ಹೈಬ್ರಿಡ್ ಸೈಕಲ್ ಸರಿ. ಸವಾರರ ತೂಕ 70–75 ಕಿಲೋ ಇದ್ದರೆ ಮುಂದೆ 40, ಹಿಂದೆ 45–48 ಪಿಎಸ್‌ಐ ಗಾಳಿ ಸಾಕು. ಟೈರಿನ ಪಕ್ಕದಲ್ಲಿ ಬರೆದಿರುವ ಕನಿಷ್ಠ ಮಿತಿಗಿಂತ ಇಳಿಸಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ಅಂದಾಜಿಗೆ ಹೊಡೆಸಿಕೊಳ್ಳುವ ಬದಲು ಗೇಜ್ ಇರುವ ಪಂಪ್ ಇಟ್ಟುಕೊಳ್ಳಿ. ಟ್ಯೂಬ್ ಮಾತ್ರ ಕಾರು-ಬೈಕಿನ ತರಹದ ದಪ್ಪ ಶ್ರೇಡರ್ ವಾಲ್ವಿನದೇ ಇರಲಿ. ತೆಳು ಪ್ರೆಸ್ಟಾ ವಾಲ್ವಿಗೆ ಹಳ್ಳಿಯ ಅಂಗಡಿಯ ಪೈಪು ಕೂರುವುದಿಲ್ಲ. ಅಡಾಪ್ಟರ್ ಮರೆತರೆ ಸೇಡಂ ರಸ್ತೆಯಲ್ಲಿ ಸೈಕಲ್ ತಳ್ಳಿಕೊಂಡು ಬರಬೇಕಾದೀತು.

ಪಂಕ್ಚರ್ ಎಂದ ಮೇಲೆ ಜಾಲಿ ಮುಳ್ಳಿನ ಮಾತು ಬರಲೇಬೇಕು. ನಮ್ಮ ಕಡೆ ರಸ್ತೆಯಂಚಿಗೆ ಬಳ್ಳಾರಿ ಜಾಲಿ ಬೆಳೆದಿದೆ. ಬೇಲಿಗೆ ಕಡಿದ ಟೊಂಗೆಯನ್ನು ಎಳೆದೊಯ್ದ ಜಾಗದಲ್ಲೆಲ್ಲ ಮುಳ್ಳು ಉದುರಿರುತ್ತದೆ. ಟೈರ್ ಮತ್ತು ಟ್ಯೂಬ್ ನಡುವೆ ಲೈನರ್ ಪಟ್ಟಿ ಹಾಕಿ, ಟ್ಯೂಬಿನೊಳಗೆ ತೂತು ಮುಚ್ಚುವ ಸೀಲಂಟ್ ದ್ರವ ಹಾಕಿಸಿ. ಪಂಕ್ಚರ್ ಆದಾಗ ಟ್ಯೂಬ್ ಬದಲಿಸುವ ಅವಸರದಲ್ಲಿ ಬಹಳ ಮಂದಿ ಟೈರಿನ ಒಳಮೈ ನೋಡುವುದಿಲ್ಲ. ಮುರಿದ ಮುಳ್ಳಿನ ತುದಿ ರಬ್ಬರಿನಲ್ಲೇ ಉಳಿದಿರುತ್ತದೆ, ಹೊಸ ಟ್ಯೂಬ್ ಎರಡು ಕಿಲೋಮೀಟರ್‌ಗೆ ಮತ್ತೆ ಕೂತುಬಿಡುತ್ತದೆ. ಟೈರಿನ ಒಳಗೆ ಬಟ್ಟೆ ಆಡಿಸಿ. ಅದು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ, ಹೊರಗಿನಿಂದ ಅದುಮಿ ಇಕ್ಕಳದಲ್ಲಿ ತೆಗೆಯಿರಿ. ಬೆರಳು ಆಡಿಸಬೇಡಿ. ಮರುದಿನ ಶಟರ್ ಒತ್ತಬೇಕಾದ ಬೆರಳು ಅದು.

ಎರೆಮಣ್ಣಿನ ಬಗ್ಗೆ ನನ್ನದು ಕಟ್ಟುನಿಟ್ಟಿನ ಮಾತು: ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿಯಬೇಡಿ. ಹಸಿ ಎರೆ ಚಕ್ರಕ್ಕೆ ಅಂಟಿ ಹತ್ತು ಸುತ್ತಿನೊಳಗೆ ಫೋರ್ಕಿನ ಸಂದು ತುಂಬುತ್ತದೆ, ಮಡ್‌ಗಾರ್ಡ್ ಇದ್ದರೆ ಇನ್ನೂ ಬೇಗ. ಚಕ್ರ ನಿಂತಿತೆಂದು ಜೋರಾಗಿ ತುಳಿದರೆ ಚೈನು ಹಿಂದಿನ ಡಿರೇಲರನ್ನು (ಗೇರ್ ಬದಲಿಸುವ ಭಾಗ) ಎಳೆದುಕೊಂಡು ಹೋಗಿ ಕಡ್ಡಿಗಳಿಗೆ ಸಿಕ್ಕಿಸುತ್ತದೆ, ಅದನ್ನು ಹಿಡಿದಿರುವ ಹ್ಯಾಂಗರ್ ಎಂಬ ಮೆತು ಲೋಹದ ತುಂಡು ಮುರಿಯುತ್ತದೆ. ಫ್ರೇಮ್ ಉಳಿಯಲಿ ಎಂದೇ ಅದನ್ನು ಮೆತುವಾಗಿ ಮಾಡಿರುತ್ತಾರೆ. ತೊಂದರೆ ಏನೆಂದರೆ ಒಂದೊಂದು ಫ್ರೇಮಿಗೂ ಒಂದೊಂದು ಆಕಾರದ ಹ್ಯಾಂಗರ್. ನಿಮ್ಮ ಮಾಡೆಲ್‌ದು ಬೇಕಾದ ಹೊತ್ತಿಗೆ ಊರಿನ ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆ ಬೇಡ. ಈಗಲೇ ಒಂದನ್ನು ತರಿಸಿ ಟೂಲ್ ಚೀಲದಲ್ಲಿಡಿ. ಮಣ್ಣು ಮೆತ್ತಿಯೇ ಬಿಟ್ಟರೆ ಇಳಿದು ಕಟ್ಟಿಗೆ ಚೂರಿನಿಂದ ಕೆತ್ತಿ, ಸೈಕಲ್ ಎತ್ತಿಕೊಂಡು ಗರಸಿನ ದಾರಿಗೆ ಬನ್ನಿ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲ ಹೀಗೆ ಕಾಡುವುದಿಲ್ಲ, ಮಳೆಗಾಲದಲ್ಲೂ ಅಲ್ಲಿ ಓಡಾಡಬಹುದು.

ಬೇಸಿಗೆಯಲ್ಲಿ ಶತ್ರು ಬೇರೆ. ಬಹಳಷ್ಟು ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ತಾಪಮಾನ 0ರಿಂದ 40 ಡಿಗ್ರಿ ಎಂದಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ನೆರಳೇ ಅದನ್ನು ದಾಟುತ್ತದೆ, ಬಿಸಿಲಿಗೆ ಬಿದ್ದ ಕಪ್ಪು ಬ್ಯಾಗಿನ ಒಳಗು ಇನ್ನೂ ಎಷ್ಟೋ ಹೆಚ್ಚು. ಬ್ಯಾಗಿಗೆ ಬಿಳಿ ಬಟ್ಟೆಯ ಹೊದಿಕೆ ಹೊಲಿಸಿ. ಕೆಲಸದ ಜಾಗ ಮುಟ್ಟಿದ ಕೂಡಲೇ ಬ್ಯಾಗನ್ನು ನೆರಳಿಗಿಟ್ಟು ಜಿಪ್ ಅರ್ಧ ತೆರೆಯಿರಿ. ಬಿಸಿಯಾದ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ, ಮುಟ್ಟಿದರೆ ತಣ್ಣಗೆನಿಸುವ ತನಕ ಕಾಯಿರಿ. ಬಿಸಿಯಲ್ಲಿ ಚಾರ್ಜ್ ಮಾಡುವುದರಿಂದಲೇ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ, ಉಬ್ಬುತ್ತದೆ. ವಿಡಿಯೋ ಕೆಲಸವಿದ್ದ ದಿನ ಮಿರರ್‌ಲೆಸ್ ಕ್ಯಾಮೆರಾ ಕಾದು ತಾನೇ ಆಫ್ ಆಗುವುದುಂಟು. ಪರದೆಯನ್ನು ಬಾಡಿಯಿಂದ ದೂರ ಮಡಚಿ, ಬಿಡುವಿನಲ್ಲಿ ಕಾರ್ಡ್-ಬ್ಯಾಟರಿ ಬಾಗಿಲು ತೆರೆದಿಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಕೈ ಒರೆಸದೆ ಕ್ಯಾಮೆರಾ ಹಿಡಿಯಬೇಡಿ. ಡೀಟ್ ಇರುವ ಸೊಳ್ಳೆ ಮುಲಾಮಂತೂ ರಬ್ಬರ್ ಹಿಡಿಯನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ.

ನಿಮ್ಮ ಮೈಯ ಲೆಕ್ಕವೂ ಇದೆ. ಆ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದೂವರೆಯ ಮೇಲೆ ಮಾತ್ರ ತುಳಿಯಿರಿ. ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ನೀರು ಬೇಕು. ಬರೀ ನೀರು ಸಾಲದು, ಒಂದು ಬಾಟಲಿಯಲ್ಲಿ ಓಆರ್‌ಎಸ್ ಇರಲಿ, ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ಅರ್ಧ ನೀರಿಗೆ ಹಾಕಿ ಗಟ್ಟಿ ಮಾಡಿದರೆ ಬಾಯಾರಿಕೆ ಹೆಚ್ಚುತ್ತದೆ.

ಧೂಳು ಎಲ್ಲ ಕಡೆ ಒಂದೇ ಅಲ್ಲ. ಶಹಾಬಾದ್, ವಾಡಿ, ಸೇಡಂ ಸುತ್ತ ಸುಣ್ಣಕಲ್ಲು ಮತ್ತು ಸಿಮೆಂಟಿನ ಧೂಳು. ಬೆವರು ತಾಗಿದರೆ ಇದು ಕ್ಷಾರವಾಗಿ ಗಟ್ಟಿ ಹಿಡಿಯುತ್ತದೆ. ಅಲ್ಲಿಂದ ಬಂದ ಮೇಲೆ ಲೆನ್ಸನ್ನು ಅಂಗಿಯ ಚುಂಗಿನಿಂದ ಒರೆಸಿದರೆ ಗೀರು ಬೀಳುವುದು ಖಂಡಿತ. ಮೊದಲು ರಬ್ಬರ್ ಬ್ಲೋವರ್, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ದ್ರಾವಣ; ದ್ರಾವಣವನ್ನು ಗಾಜಿನ ಮೇಲೆ ನೇರ ಹಾಕಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ರಸ್ತೆ ಬದಿಯಲ್ಲಿ ಲೆನ್ಸ್ ಬದಲಿಸಬೇಡಿ. ಹೊರಕ್ಕೆ ಉದ್ದವಾಗುವ ಜೂಮ್ ಪ್ರತಿ ಸಲ ಗಾಳಿಯನ್ನು ಒಳಗೆ ಎಳೆಯುತ್ತದೆ, ಗಾಳಿಯ ಜೊತೆ ಧೂಳನ್ನೂ. ಪ್ರೈಮ್ ಲೆನ್ಸ್ ಒಯ್ಯಿರಿ ಎಂದದ್ದಕ್ಕೆ ಇದೂ ಒಂದು ಕಾರಣ. ಸೈಕಲಿನ ಚೈನಿಗೆ ಬೇಸಿಗೆಯಲ್ಲಿ ಮೇಣದ ಒಣ ಲ್ಯೂಬ್ ಹಾಕಿ. ಮಷಿನ್ ಎಣ್ಣೆ ಹಾಕಿದರೆ ಧೂಳು ಕೂತು ಸಾಣೆ ಹಿಡಿದಂತೆ ಹಲ್ಲುಗಳನ್ನು ತಿನ್ನುತ್ತದೆ.

ಮಳೆಗಾಲದಲ್ಲಿ ಎಸಿ ಸಭಾಂಗಣದಿಂದ ಹೊರಗೆ ಬರುವಾಗ ಕ್ಯಾಮೆರಾವನ್ನು ಬ್ಯಾಗಿನಲ್ಲಿಟ್ಟು ಜಿಪ್ ಮುಚ್ಚಿ, ಅರ್ಧ ಗಂಟೆ ತೆರೆಯಬೇಡಿ, ಗಾಜಿನ ಮೇಲೆ ಇಬ್ಬನಿ ಕೂರುವುದು ತಪ್ಪುತ್ತದೆ. ಬೆವರಿನಿಂದ ತೋಯ್ದ ಬ್ಯಾಗಿನಲ್ಲಿ ಲೆನ್ಸನ್ನು ರಾತ್ರಿಯಿಡೀ ಬಿಡುವುದು ಫಂಗಸ್ ಬೆಳೆಸುವ ನೇರ ದಾರಿ. ಮನೆಗೆ ಬಂದೊಡನೆ ಎಲ್ಲ ಹೊರಗೆ ತೆಗೆದು, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವಮಾಪಕದ ಜೊತೆ ಇಡಿ. ತೇವ 40ರಿಂದ 50 ಪ್ರತಿಶತ ಇರಲಿ. ನೀಲಿ ಜೆಲ್ ಗುಲಾಬಿಯಾದರೆ, ಕಿತ್ತಳೆ ಜೆಲ್ ಹಸಿರಾದರೆ ಅದು ನೀರು ಕುಡಿದಿದೆ ಎಂದರ್ಥ. ಓವನ್‌ನಲ್ಲಿ 110–120 ಡಿಗ್ರಿಗೆ ಎರಡು-ಮೂರು ಗಂಟೆ ಇಟ್ಟರೆ ಮತ್ತೆ ಬಳಸಬಹುದು.

ಈಗ ಯಾವ ಕೆಲಸಕ್ಕೆ ಸೈಕಲ್, ಯಾವುದಕ್ಕೆ ಬೇಡ ಎಂಬುದು. ಅಂಗಡಿ ಸಾಮಾನಿನ ಫೋಟೋ, ತೊಟ್ಟಿಲು, ಮನೆಯೊಳಗಿನ ಕುಬಸ, ಮಂಟಪ ನೋಡಿಕೊಂಡು ಬರುವುದು, ಆಲ್ಬಂ ಮುಟ್ಟಿಸುವುದು, ಹತ್ತು ಕಿಲೋಮೀಟರ್ ಒಳಗಿನ ಇವೆಲ್ಲಕ್ಕೂ ಸೈಕಲ್ ಒಳ್ಳೆಯದು. ಮದುವೆಗೆ ಮಾತ್ರ ಬೇಡ. ಅಕ್ಕಿಕಾಳು ಬೀಳುವ ಹೊತ್ತು ನಿಮ್ಮ ಪಂಕ್ಚರ್‌ಗೆ ಕಾಯುವುದಿಲ್ಲ, ಆ ಘಳಿಗೆಯನ್ನು ಮತ್ತೆ ತೆಗೆಯಲೂ ಬರುವುದಿಲ್ಲ. ಸೈಕಲ್ ಮೇಲೆಯೇ ಹೋಗಬೇಕೆಂಬ ಹಟವಿದ್ದರೆ ಹಿಂದಿನ ದಿನವೇ ಲೈಟು, ಸ್ಟ್ಯಾಂಡು, ಎರಡನೇ ಬಾಡಿಯನ್ನು ಸಹಾಯಕರ ಜೊತೆ ಆಟೋದಲ್ಲಿ ಕಳಿಸಿ, ಸುರಗಿಗೆ ಒಂದು ಗಂಟೆ ಮುಂಚೆ ನೀವು ಮುಟ್ಟಿರಿ. ಹದಿನೈದು ನಿಮಿಷ ಬೆವರು ಆರಲು, ಹದಿನೈದು ನಿಮಿಷ ಒದ್ದೆ ಟವೆಲ್‌ನಿಂದ ಮೈ ಒರೆಸಿ ಅಂಗಿ ಬದಲಿಸಲು, ಉಳಿದದ್ದು ಲೈಟ್ ನಿಲ್ಲಿಸಲು. ಬೀಗರ ಮುಂದೆ ಬೆವರು ಒಸರುವ ಅಂಗಿಯಲ್ಲಿ ನಿಂತ ಫೋಟೋಗ್ರಾಫರ್‌ಗೆ ದರದ ಚೌಕಾಶಿ ಹೆಚ್ಚುತ್ತದೆ. ಇದು ಸರಿಯಲ್ಲ, ಆದರೆ ಇರುವುದು ಹಾಗೆ. ಸೈಕಲ್‌ನಲ್ಲಿ ಬರುತ್ತೀರೆಂದು ಒಂದು ರೂಪಾಯಿಯನ್ನೂ ಇಳಿಸಬೇಡಿ.

ಮರಳುವಾಗ ಮೆಮೊರಿ ಕಾರ್ಡ್ ಎಲ್ಲವೂ ಬ್ಯಾಗಿನಲ್ಲೇ ಇರಬಾರದು. ಎರಡು ಸ್ಲಾಟ್ ಇರುವ ಕ್ಯಾಮೆರಾದಲ್ಲಿ ಎರಡಕ್ಕೂ ಒಟ್ಟಿಗೆ ಬರೆಸಿ, ಒಂದನ್ನು ಜಿಪ್ ಇರುವ ಜೇಬಿನಲ್ಲಿ, ಇನ್ನೊಂದನ್ನು ಬ್ಯಾಗಿನಲ್ಲಿಡಿ. ಸಾಧನಗಳಿಗೆ ವಿಮೆ ಮಾಡಿಸುವಾಗ ವೃತ್ತಿಬಳಕೆ ಎಂದು ಬರೆಸಿ. ಕಾವಲಿಲ್ಲದೆ ಬಿಟ್ಟ ವಾಹನದಿಂದ ಕಳುವಾದರೆ ಪರಿಹಾರ ಇಲ್ಲ ಎಂಬ ಷರತ್ತು ಬಹಳ ಪಾಲಿಸಿಗಳಲ್ಲಿ ಇರುತ್ತದೆ, ಓದಿ ನೋಡಿ ಸಹಿ ಮಾಡಿ. ರಾತ್ರಿ ರಿಸೆಪ್ಷನ್ ಮುಗಿಸಿ ಹನ್ನೆರಡಕ್ಕೆ ಮಲಗಿದವರು ಬೆಳಗಿನ ಐದಕ್ಕೆ ಹುಮನಾಬಾದ್ ರಸ್ತೆಗೆ ಇಳಿಯಬಾರದು. ಲಾರಿಗಳ ನಡುವೆ ತೂಕಡಿಕೆ ಪ್ರಾಣಕ್ಕೆ ಬರುತ್ತದೆ.

ದೂರದ ಸವಾರಿಗೆ ನಿಮ್ಮ ವೃತ್ತಿಯ ಪಂಚಾಂಗವೇ ಬಿಡುವು ಕೊಡುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಆದರೆ ಪಡುವಣ ಗಾಳಿ ಜೋರು. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಬೆನ್ನಿಗೆ ಸಿಗುವಂತೆ ದಾರಿ ಆರಿಸಿ. ನಿಜವಾದ ಸುಗ್ಗಿ ಎಂದರೆ ಡಿಸೆಂಬರ್ ನಡುವಿನಿಂದ ಜನವರಿ ನಡುವಿನ ಧನುರ್ಮಾಸ. ಮದುವೆ ಇರುವುದಿಲ್ಲ, ಚಳಿ ಹಿತವಾಗಿರುತ್ತದೆ, ಬೆಳಕು ದಿನವಿಡೀ ಓರೆಯಾಗಿ ಬೀಳುತ್ತದೆ. ತೊಗರಿ ರಾಶಿ ನಡೆಯುವ ಕಾಲವೂ ಅದೇ. ಟಾರ್ ರಸ್ತೆ ಮೇಲೆ ಹರಡಿದ ಕಾಳಿನ ಮೇಲೆ ಬ್ರೇಕ್ ಹಿಡಿಯಬೇಡಿ, ಟೈರ್ ಗುಂಡಿನ ಮೇಲೆ ಹೋದಂತೆ ಜಾರುತ್ತದೆ. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯೋದಯ 6.50ರ ಹತ್ತಿರ, ಮೇ ನಡುವೆ 5.50ರ ಹತ್ತಿರ. ಒಂದು ಗಂಟೆಯ ಈ ವ್ಯತ್ಯಾಸ ಹಿಡಿದು ಹೊರಡುವ ಹೊತ್ತು ಲೆಕ್ಕ ಹಾಕಿ.

ಮಳಖೇಡ ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್, ಕಾಗಿಣಾ ದಂಡೆಯ ಕೋಟೆ, ಹೋಗಿ ಬರುವುದು ಒಂದು ದಿನದ ಸವಾರಿ. ಬೀದರ್ ನೂರು ಕಿಲೋಮೀಟರ್ ದಾಟುತ್ತದೆ, ಕೊನೆಗೆ ಏರು ಬೇರೆ. ಒಂದು ರಾತ್ರಿ ಅಲ್ಲೇ ತಂಗಿ, ಮರುದಿನ ಬೆಳಿಗ್ಗೆ ಮಹಮೂದ್ ಗವಾನ್ ಮದರಸಾದ ಮುಂದೆ ನಿಲ್ಲಿ. 1472ರ ಆ ಕಟ್ಟಡದ ಮುಂಭಾಗ ಮೂಡಣಕ್ಕೆ ಮುಖ ಮಾಡಿದೆ. ಉಳಿದಿರುವ ಮಿನಾರಿನ ಹೊಳೆವ ಹೆಂಚುಗಳ ಬಣ್ಣ ಎಳೆಬಿಸಿಲಿನಲ್ಲೇ ಸಿಗುತ್ತದೆ, ಮಧ್ಯಾಹ್ನದ ಮೇಲೆ ಅದೆಲ್ಲ ನೆರಳು. ನಿಮ್ಮೂರಿನ ಕೋಟೆಯೊಳಗಿನ ಜಾಮಿ ಮಸೀದಿ 1367ರದು, ಅಂಗಳವೇ ಇಲ್ಲದೆ ಪೂರ್ತಿ ಮಾಡು ಹೊದ್ದ ಕಟ್ಟಡ. ಬೆಳಕು ಅಂಚಿನ ಅಗಲ ಕಮಾನುಗಳಿಂದ ತಗ್ಗಾಗಿ ಒಳಗೆ ಬರುತ್ತದೆ, ಒಳಗು-ಹೊರಗಿನ ಅಂತರ ಒಂದೇ ಎಕ್ಸ್‌ಪೋಷರಿಗೆ ಹಿಡಿಯುವುದಿಲ್ಲ. ಎರಡೆರಡು ಸ್ಟಾಪ್ ಅಂತರದಲ್ಲಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ) ಮೂರು ಫ್ರೇಮ್ ತೆಗೆದು ಜೋಡಿಸಿ. ಮದರಸಾ, ಜಾಮಿ ಮಸೀದಿ ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಟ್ರೈಪಾಡ್ ನಿಲ್ಲಿಸಲು, ಪ್ರಿ-ವೆಡ್ಡಿಂಗ್‌ನಂಥ ದುಡಿಮೆಯ ಚಿತ್ರೀಕರಣಕ್ಕೆ ಮುಂಚೆಯೇ ಅನುಮತಿ ಬೇಕು. ಅನುಮತಿ ಇಲ್ಲದ ದಿನ ಕಂಬಕ್ಕೆ ಭುಜ ಒರಗಿಸಿ, ಉಸಿರು ಅರ್ಧ ಬಿಟ್ಟು ತೆಗೆಯಿರಿ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇರುವುದರಿಂದ ಡ್ರೋನನ್ನು ಮನೆಯಲ್ಲೇ ಬಿಡಿ.

ಸೈಕಲ್ ಇಳಿದ ಕೂಡಲೇ ಕೈ ಕ್ಯಾಮೆರಾಕ್ಕೆ ಹೋಗುತ್ತದೆ. ಏರು ತುಳಿದು ಬಂದಾಗ ಎದೆಬಡಿತಕ್ಕೆ ಕೈ ನಡುಗುತ್ತಿರುತ್ತದೆ. ಸಾಮಾನ್ಯವಾಗಿ ಸೆಕೆಂಡಿನ 1/60ರಲ್ಲಿ ನಿಲ್ಲಿಸುವ ಕೈಗೆ ಆಗ 1/250 ಬೇಕು. ಹತ್ತು ನಿಮಿಷ ಕೂತು ತೆಗೆದರೆ ಆ ಎರಡು ಸ್ಟಾಪ್ ಉಳಿಯುತ್ತದೆ. ಹ್ಯಾಂಡಲ್ ಮೇಲೆ ಭಾರ ಬಿಟ್ಟು ತುಳಿಯುವವರಿಗೆ ಕಿರುಬೆರಳು, ಉಂಗುರದ ಬೆರಳು ಜುಮುಗುಡುತ್ತವೆ, ಅಂಗೈ ಬುಡದಲ್ಲಿ ನರ ಅದುಮಿಕೊಂಡಿರುತ್ತದೆ. ಸೀಟು ಮುಂದಕ್ಕೆ ವಾಲಿದ್ದರೆ ಮಟ್ಟ ಮಾಡಿ, ಹ್ಯಾಂಡಲ್ ಒಂದು ಇಂಚು ಎತ್ತರಿಸಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಮಡಚಿರುವಂತೆ ಸೀಟಿನ ಎತ್ತರ ಇರಲಿ.

ಸವಾರರ ಫೋಟೋದಿಂದ ದುಡಿಯುವುದು ಆಗುವ ಮಾತು. ನೀವೇ ತುಳಿಯುವವರಾದ್ದರಿಂದ ಎಲ್ಲಿ ಜನ ನಿಂತು ತುಳಿಯುತ್ತಾರೆ, ಎಲ್ಲಿ ಮುಖ ಮೇಲೆತ್ತುತ್ತಾರೆ ಎಂಬುದು ಗೊತ್ತು. ಓಟದ ಭಾವ ಬೇಕಿದ್ದರೆ ಪ್ಯಾನಿಂಗ್ ಮಾಡಿ. ಗಂಟೆಗೆ 25 ಕಿಲೋಮೀಟರ್ ವೇಗದ ಸವಾರ 1/40 ಸೆಕೆಂಡಿನಲ್ಲಿ ಸುಮಾರು 17 ಸೆಂಟಿಮೀಟರ್ ಸರಿಯುತ್ತಾನೆ. ಅವನ ಜೊತೆಗೇ ಸೊಂಟ ತಿರುಗಿಸುತ್ತಾ ಹೋದರೆ ಮುಖ ನಿಲ್ಲುತ್ತದೆ, ಹಿಂದಿನ ಜಾಲಿ ಗಿಡಗಳು ಗೆರೆಯಾಗುತ್ತವೆ. ಅವನು ಎದುರಿಗೆ ಬರುವ ಮುಂಚೆಯೇ ಹಿಂಬಾಲಿಸಲು ಶುರು ಮಾಡಿ, ಶಟರ್ ಬಿಟ್ಟ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಬಹಳ ಮಂದಿ ಸೋಲುವುದು ಅಲ್ಲೇ. ಸ್ಟೆಬಿಲೈಸೇಷನ್ನನ್ನು ಪ್ಯಾನಿಂಗ್ ಮೋಡಿಗೆ ಹಾಕಿ. ನಡುಹಗಲಿನಲ್ಲಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಈ ವೇಗಕ್ಕೆ ಇಳಿಯುವುದು ಕಷ್ಟ. ಚಲನೆ ಪೂರ್ತಿ ನಿಲ್ಲಿಸಬೇಕೆಂದರೆ 1/1000 ಸಾಲುತ್ತದೆ, ಆದರೆ ಚಕ್ರದ ಮೇಲ್ತುದಿ ಸೈಕಲಿನ ಎರಡರಷ್ಟು ವೇಗದಲ್ಲಿ ಹೋಗುವುದರಿಂದ ಕಡ್ಡಿಗಳು ಅಲ್ಲಿ ಆಗಲೂ ಸ್ವಲ್ಪ ಮಸುಕಾಗಿರುತ್ತವೆ. ಅದು ಚೆಂದವೇ.

ಬ್ರೆವೆ ಎಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ; 200 ಕಿಲೋಮೀಟರಿನದಕ್ಕೆ 13 ಗಂಟೆ 30 ನಿಮಿಷದ ಗಡುವು. ನಸುಕಿನಲ್ಲಿ ಹೊರಟವರು ಸಂಜೆಯವರೆಗೂ ಚದುರಿಕೊಂಡು ಬರುತ್ತಾರೆ. ಹೊರಡುವ ಜಾಗ, ಮೂವತ್ತನೇ ಕಿಲೋಮೀಟರಿನ ಬೆಳಕು, ಕೊನೆಯ ನಿಲ್ದಾಣ, ಈ ಮೂರನ್ನು ಹಿಡಿದರೆ ಸಾಕು, ಎಲ್ಲರ ಬೆನ್ನು ಹತ್ತಬೇಡಿ. ಕತ್ತಲಲ್ಲಿ ಅವರು ತೊಟ್ಟ ರಿಫ್ಲೆಕ್ಟರ್ ಜಾಕೆಟ್ ಒಂದು ಬಲೆ. ಅದು ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವುದರಿಂದ ಕ್ಯಾಮೆರಾ ಮೇಲಿನ ಫ್ಲ್ಯಾಶ್ ಹೊಡೆದರೆ ಎದೆಯ ಪಟ್ಟಿ ಬೆಳ್ಳಗೆ ಸಿಡಿದು ಮುಖ ಕಪ್ಪಾಗುತ್ತದೆ. ಫ್ಲ್ಯಾಶನ್ನು ಟ್ರಿಗರ್ ಹಾಕಿ ಒಂದೂವರೆ ಮೀಟರ್ ಪಕ್ಕಕ್ಕೆ ಸರಿಸಿದರೆ ಪಟ್ಟಿ ಸುಮ್ಮನಾಗುತ್ತದೆ. ಬರುವವರ ಕಣ್ಣಿಗೆ ನೇರ ಹೊಡೆಯಬೇಡಿ, ಕ್ಷಣಕಾಲ ರಸ್ತೆಯೇ ಕಾಣದಂತಾಗುತ್ತದೆ. ಸವಾರಿ ಮಾಡುತ್ತಾ ಒಂದು ಕೈಯಲ್ಲಿ ಕ್ಯಾಮೆರಾ ಹಿಡಿಯುವುದಂತೂ ಬೇಡವೇ ಬೇಡ.

ಸೈಕಲ್ ಅಂಗಡಿಯವರು ಹೊಸ ಸೈಕಲಿನ ಫೋಟೋ ಕೇಳಿದರೆ ಚೈನು ಇರುವ ಬಲಬದಿಯೇ ಕ್ಯಾಮೆರಾದ ಕಡೆ ಇರಲಿ, ಬಲ ಪೆಡಲ್ ಮುಂದೆ, ಕ್ರ್ಯಾಂಕ್ ನೆಲಕ್ಕೆ ಸಮ, ಎರಡೂ ಚಕ್ರಗಳ ವಾಲ್ವ್ ತೀರ ಕೆಳಗೆ. ಚೈನು ಮುಂದಿನ ದೊಡ್ಡ ಹಲ್ಲುಚಕ್ರದ ಮೇಲಿರಲಿ. ಕ್ಯಾಮೆರಾ ನಿಂತ ಎತ್ತರದಲ್ಲಲ್ಲ, ಪೆಡಲಿನ ಅಚ್ಚಿಗಿಂತ ಒಂದು ಗೇಣು ಮೇಲೆ, ಲೆನ್ಸ್ 85 ಅಥವಾ ಅದಕ್ಕಿಂತ ಉದ್ದದ್ದು, ಇಲ್ಲದಿದ್ದರೆ ಹತ್ತಿರದ ಚಕ್ರ ದೊಡ್ಡದಾಗಿ ಕಾಣುತ್ತದೆ.

ಕೊನೆಯದಾಗಿ, ಆ ಜೂಮ್ ಲೆನ್ಸನ್ನು ಸರ್ವಿಸ್‌ಗೆ ಕಳಿಸುವಾಗ ದಿನಪತ್ರಿಕೆಯ ಪರೀಕ್ಷೆಯ ಎರಡೂ ಫೈಲ್‌ಗಳನ್ನು ಕುಗ್ಗಿಸದೆ ಪೆನ್‌ಡ್ರೈವ್‌ನಲ್ಲಿ ಜೊತೆಗಿಡಿ. ಯಾವ ಫೋಕಲ್ ಲೆಂತ್‌ನಲ್ಲಿ, ಯಾವ ಅಪರ್ಚರ್‌ನಲ್ಲಿ, ಎಷ್ಟು ದೂರದಿಂದ ತೆಗೆದದ್ದು ಎಂದು ಚೀಟಿಯಲ್ಲಿ ಬರೆಯಿರಿ. ಬರೀ ‘ಮಸುಕು ಬರುತ್ತಿದೆ’ ಎಂದು ಬರೆದು ಕಳಿಸಿದ ಲೆನ್ಸ್ ಎಷ್ಟೋ ಸಲ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೇ ಮರಳುತ್ತದೆ. ರಿಪೇರಿಯಾಗಿ ಬಂದ ದಿನ ಅದೇ ಗೋಡೆಗೆ, ಅದೇ ದೂರದಿಂದ ಮತ್ತೊಮ್ಮೆ ಪರೀಕ್ಷೆ ಮಾಡಿ ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಒಯ್ಯಿರಿ.